ಬಿಚ್ಚಿ ಕೂಡಿಸುವ ಮೋಟಾರು ಗೂಡು: ಒಂದೇ ರಾಕೆಟ್, ಎರಡು ಮೋಟಾರು

ದೀಪಾವಳಿಗೆ ಊರಲ್ಲಿ ಬಾಟಲಿಯೊಳಗೆ ಕಡ್ಡಿ ಇಳಿಸಿ ಹಚ್ಚುವ ರಾಕೆಟ್ಟಿಗೂ, ಇಲ್ಲಿ ಅಮೆರಿಕದ ಮೈದಾನಗಳಲ್ಲಿ ವಾರಾಂತ್ಯಕ್ಕೆ ಹಾರಿಸುವ ಮಾದರಿ ರಾಕೆಟ್ಟಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಪಟಾಕಿ ರಾಕೆಟ್ಟಿನಲ್ಲಿ ಮದ್ದು ತುಂಬಿದ ಕೊಳವೆಯೇ ರಾಕೆಟ್ಟು. ಮದ್ದು ಮುಗಿದರೆ ರಾಕೆಟ್ಟೂ ಮುಗೀತು. ಮಾದರಿ ರಾಕೆಟ್ಟು ಹಾಗಲ್ಲ. ಅದರ ಮೈ ಬೇರೆ, ಮೋಟಾರು ಬೇರೆ. ಮೇಲೆ ಹೋಗುತ್ತದೆ, ಪ್ಯಾರಾಚೂಟ್ ಬಿಚ್ಚಿಕೊಂಡು ಕೆಳಗೆ ಬರುತ್ತದೆ. ಸುಟ್ಟುಹೋದ ಮೋಟಾರನ್ನು ತೆಗೆದು ಹೊಸದು ಹಾಕಿ ಮತ್ತೆ ಹಾರಿಸಬಹುದು.

ಮೈ ಮತ್ತು ಮೋಟಾರು ಸೇರುವ ಜಾಗಕ್ಕೆ ಇಂಗ್ಲಿಷಿನಲ್ಲಿ ಮೋಟಾರ್ ಮೌಂಟ್ ಅಂತಾರೆ, ಕೆಲವರು ಎಂಜಿನ್ ಮೌಂಟ್ ಅಂತಲೂ ಕರೀತಾರೆ. ನಮ್ಮ ಬಾಯಲ್ಲಿ ಅದು 'ಗೂಡು' ಆಗಿದೆ. ಅಂಗಡಿಯಲ್ಲಿ ಸಿಗುವ ಕಿಟ್‌ಗಳಲ್ಲಿ ಈ ಗೂಡನ್ನು ಮೈಯೊಳಗೆ ಶಾಶ್ವತವಾಗಿ ಅಂಟಿಸಿಬಿಡುತ್ತಾರೆ. ಈ ಲೇಖನದಲ್ಲಿ ನಾವು ಹೇಳಹೊರಟಿರುವುದು, ಗೂಡನ್ನೇ ಸ್ಕ್ರೂ ತೆಗೆದು ಹೊರಕ್ಕೆಳೆಯುವ ಹಾಗೆ ಮಾಡಿಕೊಳ್ಳುವುದು ಹೇಗೆ ಅಂತ. ಕೆಲಸ ಕಷ್ಟದ್ದೇನಲ್ಲ, ಎರಡು ಸಂಜೆ ಸಾಕು. ಆದರೆ ಒಂದು ಮಾತನ್ನು ಮೊದಲೇ ಹೇಳಿಬಿಡ್ತೀವಿ: ಬಿಚ್ಚುವ ಗೂಡು ನಾವು ಬಿಚ್ಚಿದಾಗ ಮಾತ್ರ ಬಿಚ್ಚಬೇಕು. ಆಕಾಶದಲ್ಲಿ ತಾನಾಗಿ ಬಿಚ್ಚಿಕೊಂಡರೆ ಪ್ಯಾರಾಚೂಟ್ ಹೊರಬರುವುದಿಲ್ಲ, ರಾಕೆಟ್ಟು ಮೂತಿ ಕೆಳಗೆ ಮಾಡಿಕೊಂಡು ನೇರ ನೆಲಕ್ಕೆ ಬರುತ್ತದೆ. ಕೆಳಗೆ ನಿಂತಿರೋದು ನಾವು, ನಮ್ಮ ಸ್ನೇಹಿತರು, ಅವರ ಮಕ್ಕಳು.

ಸ್ವಲ್ಪ ಹಿನ್ನೆಲೆ

ಉರಿಯುವ ಕೊಳವೆಯನ್ನು ಉಳಿದ ದೇಹಕ್ಕೆ ಹೇಗೆ ಕಟ್ಟುವುದು ಅನ್ನುವ ಪ್ರಶ್ನೆ ಹೊಸದಲ್ಲ. ಹೈದರಾಲಿ, ಟಿಪ್ಪು ಕಾಲದ ಮೈಸೂರು ರಾಕೆಟ್ಟಿನಲ್ಲಿ ಮದ್ದು ತುಂಬಿದ ಕಬ್ಬಿಣದ ಕೊಳವೆಯನ್ನು ಬಿದಿರಿನ ಗಳಕ್ಕೆ ಚರ್ಮದ ಪಟ್ಟಿಯಿಂದ ಬಿಗಿಯುತ್ತಿದ್ದರು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಒಂದು ಹಾಳುಬಾವಿಯಿಂದ ಅಂಥ ಸಾವಿರಕ್ಕೂ ಹೆಚ್ಚು ಕೊಳವೆಗಳು ಸಿಕ್ಕಿದ್ದನ್ನು ನಮ್ಮಲ್ಲಿ ಹಲವರು ಓದಿರುತ್ತೀರಿ. ಅವು ಯುದ್ಧಕ್ಕೆ, ಹೋದರೆ ವಾಪಸ್ ಬರುವ ಮಾತೇ ಇಲ್ಲ.

ವಾಪಸ್ ಬರುವ, ಮೋಟಾರು ಬದಲಿಸಬಲ್ಲ ಸಣ್ಣ ರಾಕೆಟ್ಟು ಹುಟ್ಟಿದ್ದು 1954ರಲ್ಲಿ, ನೆಬ್ರಾಸ್ಕಾದ ನಾರ್ಫಕ್ ಅನ್ನುವ ಊರಿನಲ್ಲಿ. ಅಲ್ಲಿ ಶೂ ಅಂಗಡಿ ನಡೆಸುತ್ತಿದ್ದ ಆರ್ವಿಲ್ ಕಾರ್ಲೈಲ್ ತನ್ನ ಸಹೋದರ ರಾಬರ್ಟ್ ಜೊತೆ ಸೇರಿ ಮಾಡಿದ ಆ ರಾಕೆಟ್ಟಿನ ಹೆಸರು 'ರಾಕ್-ಎ-ಚೂಟ್'. 1958ರಲ್ಲಿ ಕೊಲರಾಡೋದ ವೆರ್ನನ್ ಎಸ್ಟೆಸ್ ಇಂಥ ಮೋಟಾರುಗಳನ್ನು ಸಾಲಾಗಿ ತಯಾರಿಸುವ ಯಂತ್ರ ಕಟ್ಟಿ, ಅದಕ್ಕೆ 'ಮೇಬಲ್' ಅಂತ ಹೆಸರಿಟ್ಟ. ಮದ್ದು ಕುಟ್ಟುವ ಅಪಾಯದ ಕೆಲಸ ಕಾರ್ಖಾನೆಗೆ ಹೋಯಿತು. ಹವ್ಯಾಸಿಗಳಿಗೆ ಉಳಿದದ್ದು ಕಾಗದ, ಮರ, ಅಂಟು. ಗೂಡು ಇರುವುದು ಸರಿಯಾಗಿ ಈ ಎರಡರ ಗಡಿಯಲ್ಲಿ: ಒಳಗಿನದು ಕಾರ್ಖಾನೆಯದು, ಹೊರಗಿನದು ನಮ್ಮದು.

ಬಿಚ್ಚುವ ಗೂಡು ಯಾಕೆ ಬೇಕು?

ಮೊದಲ ಕಾರಣ ಮೈದಾನ. ಮೋಟಾರಿನ ಮೇಲೆ 'ಸಿ6-5', 'ಡಿ12-5' ಅಂತ ಬರೆದಿರುತ್ತದೆ. ಅಕ್ಷರ ಅಂದ್ರೆ ಒಟ್ಟು ಶಕ್ತಿಯ ವರ್ಗ. ಒಂದೊಂದು ಅಕ್ಷರ ಮುಂದಕ್ಕೆ ಹೋದಂತೆ ಮಿತಿ ಎರಡರಷ್ಟಾಗುತ್ತದೆ. ಎ ಅಂದ್ರೆ 2.5 ನ್ಯೂಟನ್-ಸೆಕೆಂಡ್‌ವರೆಗೆ, ಬಿ 5, ಸಿ 10, ಡಿ 20. ಮಧ್ಯದ ಅಂಕಿ ಸರಾಸರಿ ನೂಕುಬಲ, ನ್ಯೂಟನ್‌ಗಳಲ್ಲಿ. ಕೊನೆಯದು, ಮದ್ದು ಉರಿದು ಮುಗಿದ ಮೇಲೆ ಪ್ಯಾರಾಚೂಟ್ ತಳ್ಳುವ ಚಾರ್ಜ್ ಸಿಡಿಯುವ ತನಕ ಎಷ್ಟು ಸೆಕೆಂಡ್ ಅನ್ನುವುದು.

ಅಮೆರಿಕದ ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿಯ ಸುರಕ್ಷತಾ ನಿಯಮದಲ್ಲಿ ಯಾವ ಮೋಟಾರಿಗೆ ಎಷ್ಟು ದೊಡ್ಡ ಮೈದಾನ ಬೇಕು ಅಂತ ಪಟ್ಟಿ ಇದೆ. ಮೈದಾನದ ಕಿರಿಯ ಬದಿಯನ್ನು ಲೆಕ್ಕಕ್ಕೆ ತಗೋಬೇಕು. ಬಿ ಮೋಟಾರಿಗೆ 200 ಅಡಿ, ಸಿಗೆ 400 ಅಡಿ, ಡಿಗೆ 500 ಅಡಿ. ಇಲ್ಲಿನ ಫುಟ್ಬಾಲ್ ಮೈದಾನದ ಅಗಲ ಬರೀ 160 ಅಡಿ. ಅಂದ್ರೆ ಕ್ಯಾಂಪಸ್ ಪಕ್ಕದ ಪಾರ್ಕಿನಲ್ಲಿ ಸಣ್ಣ ಮೋಟಾರಷ್ಟೇ ಸಾಧ್ಯ. ಊರಾಚೆಯ ಹೊಲದಲ್ಲಿ ರಾಕೆಟ್ ಕ್ಲಬ್ಬಿನವರು ಹಾರಿಸುವ ದಿನ ದೊಡ್ಡದು. ಎ, ಬಿ, ಸಿ ವರ್ಗದ ಸಾಮಾನ್ಯ ಮೋಟಾರಿನ ವ್ಯಾಸ 18 ಮಿ.ಮೀ., ಡಿ12ರದ್ದು 24 ಮಿ.ಮೀ. ಎರಡೂ 70 ಮಿ.ಮೀ. ಉದ್ದ. ಗೂಡನ್ನು ಬದಲಿಸುವ ಹಾಗಿದ್ದರೆ ಒಂದೇ ರಾಕೆಟ್ಟು ಎರಡೂ ಕಡೆ ನಡೆಯುತ್ತದೆ. ಸೆಮಿಸ್ಟರ್ ಸೆಮಿಸ್ಟರಿಗೆ ಮನೆ ಬದಲಿಸುವ ನಮ್ಮಂಥವರಿಗೆ ಎರಡು ರಾಕೆಟ್ಟಿಗಿಂತ ಒಂದು ರಾಕೆಟ್ಟು, ಎರಡು ಗೂಡು ಲೇಸು.

ಎರಡನೇ ಕಾರಣ ರಿಪೇರಿ. ಹಾರುತ್ತಾ ಹಾರುತ್ತಾ ಮೊದಲು ಕೆಡುವುದು ಗೂಡಿನ ಸುತ್ತಮುತ್ತಲೇ. ಕೊಕ್ಕೆ ಸಡಿಲವಾಗುತ್ತದೆ, ಕೊಳವೆಯ ಬಾಯಿ ಸುಡುತ್ತದೆ, ಪ್ಯಾರಾಚೂಟ್ ಕಟ್ಟಿದ ದಾರ ಕರಕಲಾಗುತ್ತದೆ. ಗೂಡು ಅಂಟಿಸಿಬಿಟ್ಟಿದ್ದರೆ ಅಲ್ಲಿಗೆ ಕೈ ಹೋಗುವುದಿಲ್ಲ. ಬಿಚ್ಚುವಂತಿದ್ದರೆ ಹಿಂದಿನಿಂದ ಎಲ್ಲ ಕಾಣುತ್ತದೆ.

ಹಾಗಂತ ಎಲ್ಲರಿಗೂ ಇದು ಬೇಕು ಅಂತಲ್ಲ. ನಿಮ್ಮ ರಾಕೆಟ್ಟಿನಲ್ಲಿ 24 ಮಿ.ಮೀ. ಗೂಡು ಈಗಾಗಲೇ ಇದ್ದು, ಅಪರೂಪಕ್ಕೆ ಸಣ್ಣ ಮೋಟಾರು ಹಾಕಬೇಕು ಅಂದ್ರೆ, 24ರೊಳಗೆ 18 ಕೂರಿಸುವ ಅಡಾಪ್ಟರ್ ಅಂಗಡಿಯಲ್ಲೇ ಸಿಗುತ್ತದೆ. ಅಷ್ಟು ಸಾಕು. ಹೊಸದಾಗಿ ಕಟ್ಟುವವರು, ಒಂದೇ ರಾಕೆಟ್ಟನ್ನು ವರ್ಷಗಟ್ಟಲೆ ಬಳಸಬೇಕು ಅನ್ನುವವರು, ಸಂಘಕ್ಕೊಂದು ಅಂತ ಕಟ್ಟುವವರು ಮುಂದೆ ಓದಿ.

ಎರಡು ಕಡೆಯಿಂದ ಬರುವ ಬಲ

ಗೂಡಿನ ಕೆಲಸ ಮೋಟಾರನ್ನು ಹಿಡಿದುಕೊಳ್ಳುವುದು ಅಂತ ಎಲ್ಲರಿಗೂ ಗೊತ್ತು. ಆದರೆ ಎರಡು ದಿಕ್ಕಿನಲ್ಲಿ ಹಿಡಿಯಬೇಕು ಅನ್ನುವುದು ತಟ್ಟನೆ ಹೊಳೆಯುವುದಿಲ್ಲ.

ಮೊದಲನೆಯದು ಮುಂದಕ್ಕೆ. ಮೋಟಾರು ಹೊತ್ತಿಕೊಂಡಾಗ ಅದು ಗೂಡನ್ನು ಮೂತಿಯ ಕಡೆ ತಳ್ಳುತ್ತದೆ. ಡಿ12ರ ಗರಿಷ್ಠ ನೂಕು ಸುಮಾರು 30 ನ್ಯೂಟನ್, ಅಂದ್ರೆ 3 ಕಿಲೋ ತೂಕದಷ್ಟು. ಸಿ6ರದ್ದು ಇದರ ಅರ್ಧದಷ್ಟು. ಈ ಬಲ ಮೋಟಾರಿನಿಂದ ಗೂಡಿಗೆ, ಗೂಡಿನಿಂದ ಮೈಗೆ ಹೋಗಬೇಕು.

ಎರಡನೆಯದು ಹಿಂದಕ್ಕೆ. ಚಾರ್ಜ್ ಸಿಡಿದಾಗ ಮೈಯೊಳಗೆ ಅನಿಲ ತುಂಬಿ ಒತ್ತಡ ಏರುತ್ತದೆ. ಆ ಒತ್ತಡಕ್ಕೆ ಮೂತಿ ಯಾವುದು, ಬಾಲ ಯಾವುದು ಗೊತ್ತಿಲ್ಲ. ನೋಸ್ ಕೋನನ್ನು ಮುಂದಕ್ಕೆ ಎಷ್ಟು ತಳ್ಳುತ್ತದೋ, ಗೂಡನ್ನು ಹಿಂದಕ್ಕೂ ಅಷ್ಟೇ ತಳ್ಳುತ್ತದೆ. ಯಾವ ಮುಚ್ಚಳ ಸಡಿಲವೋ ಅದು ಹಾರುತ್ತದೆ. ಕುಕ್ಕರಿನಲ್ಲಿ ಮುಚ್ಚಳ ಭದ್ರವಾಗಿದ್ದು ವಿಸಲ್ ಮಾತ್ರ ಏಳಬೇಕು ತಾನೇ, ಹಾಗೇ ಇಲ್ಲಿ ನೋಸ್ ಕೋನ್ ವಿಸಲ್ಲು, ಗೂಡು ಮುಚ್ಚಳ.

ಸ್ವಲ್ಪ ಲೆಕ್ಕ ಮಾಡೋಣ. ನಾವು ಬಳಸುವ ಮೈಕೊಳವೆಯ ಒಳವ್ಯಾಸ 40.5 ಮಿ.ಮೀ. ಅದರ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 1,290 ಚದರ ಮಿ.ಮೀ. ಒಳಗಿನ ಒತ್ತಡ ಹೊರಗಿಗಿಂತ ಅರ್ಧ ವಾತಾವರಣದಷ್ಟು ಹೆಚ್ಚಾಯಿತು ಅಂತ ಇಟ್ಕೊಳ್ಳಿ. ಗೂಡಿನ ಮೇಲೆ ಬೀಳುವ ಬಲ ಸುಮಾರು 64 ನ್ಯೂಟನ್, ಆರೂವರೆ ಕಿಲೋ. ಅಂದ್ರೆ ಮೇಲಕ್ಕೆ ತಳ್ಳುವ ಬಲದ ಎರಡರಷ್ಟು! ಆದ್ದರಿಂದ ಬಿಚ್ಚುವ ಗೂಡು ಮಾಡುವವರು 'ಎಷ್ಟು ಜೋರಾಗಿ ಹಾರುತ್ತೆ' ಅನ್ನೋದಕ್ಕಿಂತ 'ಹಿಂದಕ್ಕೆ ಎಳೆದರೆ ನಿಲ್ಲುತ್ತಾ' ಅನ್ನೋದನ್ನು ಹೆಚ್ಚು ನೋಡಬೇಕು.

ಈ ಎರಡು ಬಲಕ್ಕೆ ನಮ್ಮ ವಿನ್ಯಾಸದಲ್ಲಿ ಎರಡು ಬೇರೆ ಬೇರೆ ಉತ್ತರ ಇವೆ. ಮುಂದಕ್ಕೆ ತಳ್ಳುವ ಬಲ ಮೈಯೊಳಗೆ ಅಂಟಿಸಿದ ಪ್ಲೈವುಡ್ ಬಳೆಯ ಮೇಲೆ ಕೂರುತ್ತದೆ, ಸ್ಕ್ರೂಗಳ ಮೇಲಲ್ಲ. ಹಿಂದಕ್ಕೆ ತಳ್ಳುವ ಬಲವನ್ನು ನಾಲ್ಕು ಸ್ಕ್ರೂ ಹೊರುತ್ತವೆ.

ಬೇಕಾಗುವ ಸಾಮಾನು

ಮೈಗೆ ಬಿಟಿ-60 ಅಳತೆಯ ಕಾಗದದ ಕೊಳವೆ, ಹೊರವ್ಯಾಸ 41.6 ಮಿ.ಮೀ. ಎಸ್ಟೆಸ್‌ನ ಬಿಗ್ ಬರ್ತಾ ಕಿಟ್ಟಿನಲ್ಲಿ ಇರುವುದೂ ಇದೇ ಅಳತೆ. ಅದರೊಳಗೆ ಬಿಗಿಯಾಗಿ ಕೂರುವ ಕಪ್ಲರ್ ಕೊಳವೆ, 70 ಮಿ.ಮೀ. ಉದ್ದದ ತುಂಡು. ಡಿ12ರ ಗೂಡಿಗೆ ಬಿಟಿ-50 ಕೊಳವೆ, ಸಣ್ಣ ಮೋಟಾರಿನ ಗೂಡಿಗೆ ಬಿಟಿ-20 ಕೊಳವೆ, ತಲಾ 90 ಮಿ.ಮೀ. ಉದ್ದ. ಎರಡು ಅಳತೆಗೂ ಒಂದೊಂದು ಒಳಬಳೆ, ಅಂದ್ರೆ ಮೋಟಾರಿನ ಮೂತಿ ಒತ್ತಿ ಕೂರುವ ಕಾಗದದ ಥ್ರಸ್ಟ್ ರಿಂಗ್. 70 ಮಿ.ಮೀ. ಮೋಟಾರಿನ ಲೋಹದ ಕೊಕ್ಕೆ ಎರಡು. 3 ಮಿ.ಮೀ. ದಪ್ಪದ ಪ್ಲೈವುಡ್. ಗಟ್ಟಿ ಮರದ ಸಣ್ಣ ತುಂಡುಗಳು. 2ನೇ ನಂಬರಿನ ಕಾಲಿಂಚು ಉದ್ದದ ಸ್ಕ್ರೂ ನಾಲ್ಕು, ಕಳೆದುಹೋಗೋದು ಗ್ಯಾರಂಟಿ ಆದ್ದರಿಂದ ಎಂಟು ತಗೊಳ್ಳಿ. ಕೆವ್ಲಾರ್ ದಾರ, ಮಾಸ್ಕಿಂಗ್ ಟೇಪ್, ಸ್ಯಾಂಡ್‌ಪೇಪರ್.

ಅಂಟು ಮೂರು ಥರ. ಕಾಗದ-ಮರಕ್ಕೆ ಹಳದಿ ವುಡ್ ಗ್ಲೂ, ನಮ್ಮೂರಿನ ಫೆವಿಕಾಲ್ ಜಾತಿಯದು. ಕೊಳವೆಯೊಳಗೆ ಕೊಳವೆ ಜಾರಿಸುವ ಕಡೆ ನಿಧಾನಕ್ಕೆ ಗಟ್ಟಿಯಾಗುವ ಎಪಾಕ್ಸಿ. ಸ್ಕ್ರೂ ತೂತು ಗಟ್ಟಿ ಮಾಡಲು ನೀರಿನಂಥ ತೆಳು ಸೂಪರ್ ಗ್ಲೂ.

ಪ್ಲೈವುಡ್ ಬಳೆಗಳನ್ನು ಯೂನಿವರ್ಸಿಟಿಯ ಮೇಕರ್‌ಸ್ಪೇಸಿನಲ್ಲಿ ಲೇಸರ್ ಕಟರ್ ಇದ್ದರೆ ಅಲ್ಲೇ ಕೊಯ್ದುಕೊಳ್ಳಿ. ಒಟ್ಟು ಐದು ಬಳೆ ಬೇಕು. ಒಂದು, ಮೈಯೊಳಗೆ ಶಾಶ್ವತವಾಗಿ ಇರುವ ತಡೆಬಳೆ: ಹೊರವ್ಯಾಸ ಮೈಯ ಒಳವ್ಯಾಸದಷ್ಟು, ಒಳತೂತು 28 ಮಿ.ಮೀ. ಉಳಿದ ನಾಲ್ಕು ಗೂಡಿನ ಬಳೆಗಳು, ಗೂಡಿಗೆ ಎರಡರಂತೆ: ಹೊರವ್ಯಾಸ ಕಪ್ಲರಿನ ಒಳವ್ಯಾಸದಷ್ಟು, ಒಳತೂತು ಆಯಾ ಮೋಟಾರು ಕೊಳವೆಯ ಹೊರವ್ಯಾಸದಷ್ಟು. ಬಿಟಿ-50ರದ್ದು 24.8, ಬಿಟಿ-20ರದ್ದು 18.7 ಮಿ.ಮೀ. ಕಪ್ಲರುಗಳ ಗೋಡೆಯ ದಪ್ಪ ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ, ಹಾಗಾಗಿ ಕೈಯಲ್ಲಿರುವ ತುಂಡನ್ನೇ ಕ್ಯಾಲಿಪರಿನಿಂದ ಅಳೆಯಿರಿ. ಬಳೆಯನ್ನು ಒಂದು ಕೂದಲೆಳೆ ದೊಡ್ಡದಾಗಿ ಕೊಯ್ದು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ಕೂರಿಸುವುದು ಸುಲಭ. ಚಿಕ್ಕದಾದ ಬಳೆಯನ್ನು ದೊಡ್ಡದು ಮಾಡಲಾಗುವುದಿಲ್ಲ.

ಮೈಯೊಳಗಿನ ಕೆಲಸ

ಮೊದಲು ತಡೆಬಳೆಯಲ್ಲಿ ಎದುರುಬದುರು ಎರಡು ಸಣ್ಣ ತೂತು ಕೊರೆದು ಕೆವ್ಲಾರ್ ದಾರ ಪೋಣಿಸಿ ಗಂಟು ಹಾಕಿ. ಪ್ಯಾರಾಚೂಟಿನ ಕಡೆಗೆ ಹೋಗುವ ದಾರ ಇದು. ದಾರವನ್ನು ಗೂಡಿಗೆ ಕಟ್ಟದೆ ತಡೆಬಳೆಗೆ ಕಟ್ಟುವುದಕ್ಕೆ ಎರಡು ಕಾರಣ. ಗೂಡು ಬದಲಿಸುವಾಗ ಪ್ಯಾರಾಚೂಟ್ ಬಿಚ್ಚಬೇಕಾಗುವುದಿಲ್ಲ. ಮತ್ತೆ, ಪ್ಯಾರಾಚೂಟ್ ಅರಳುವಾಗ ಬರುವ ಝಟಕಾ ಗೂಡಿನ ಸ್ಕ್ರೂಗಳ ಮೇಲೆ ಬೀಳುವುದಿಲ್ಲ. ಗಂಟು ಹಿಂದಿನ ಮುಖದಲ್ಲಿ ಉಬ್ಬದ ಹಾಗೆ, ಮುಂದಿನ ಮುಖದಲ್ಲಿ ಇರಲಿ. ಹಿಂದಿನ ಮುಖಕ್ಕೆ ಗೂಡು ಒತ್ತಿ ಕೂರಬೇಕು.

ಮೈಯ ಹಿಂಬದಿ ಬಾಯಿಂದ 73 ಮಿ.ಮೀ. ಒಳಗೆ ತಡೆಬಳೆಯ ಮುಂದಿನ ಮುಖ ಬರಬೇಕು. ಉದ್ದ ಕಡ್ಡಿಯ ತುದಿಯಲ್ಲಿ ವುಡ್ ಗ್ಲೂ ತಗೊಂಡು ಅಷ್ಟು ಒಳಗೆ ಸುತ್ತಲೂ ಬಳಿಯಿರಿ. ಬಳೆಯನ್ನು ಹಿಂದಿನಿಂದ ಇಟ್ಟು, ಕಪ್ಲರ್ ತುಂಡಿನಿಂದಲೇ ನೇರವಾಗಿ ತಳ್ಳಿ. ಕಪ್ಲರ್ 70 ಮಿ.ಮೀ. ಉದ್ದ, ಬಳೆ 3 ಮಿ.ಮೀ.; ಕಪ್ಲರಿನ ಹಿಂತುದಿ ಮೈಯ ಬಾಯಿಗೆ ಸಮ ಆದಾಗ ಬಳೆ ಸರಿಯಾದ ಜಾಗದಲ್ಲಿರುತ್ತದೆ. ಕಪ್ಲರನ್ನು ತಕ್ಷಣ ಹೊರಗೆ ತೆಗೆದು ಒಣಗಲು ಬಿಡಿ. ಒಣಗಿದ ಮೇಲೆ ಮುಂಬದಿಯಿಂದ ಬಳೆಯ ಸುತ್ತ ಇನ್ನೊಂದು ಸಾಲು ಅಂಟು ಕೊಡಿ.

ಈಗ ಕಪ್ಲರನ್ನು ಖಾಯಂ ಅಂಟಿಸಬೇಕು. ಇಲ್ಲಿ ವುಡ್ ಗ್ಲೂ ಬೇಡ. ಕಾಗದದ ಕೊಳವೆಯೊಳಗೆ ಕಾಗದದ ಕೊಳವೆ ಜಾರಿಸುವಾಗ ಅದು ಅರ್ಧದಾರಿಯಲ್ಲೇ ಕಚ್ಚಿಕೊಂಡುಬಿಡುತ್ತದೆ, ಆಮೇಲೆ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಅರ್ಧ ಗಂಟೆಯ ಎಪಾಕ್ಸಿಯನ್ನು ಮೈಯೊಳಗೆ ತೆಳ್ಳಗೆ ಬಳಿದು, ಕಪ್ಲರನ್ನು ತಿರುಗಿಸುತ್ತಾ ನಿಲ್ಲಿಸದೆ ತಡೆಬಳೆ ಮುಟ್ಟುವ ತನಕ ತಳ್ಳಿ. ಒಳಗೆ ಒಸರಿದ ಅಂಟನ್ನು ಒರೆಸಿಬಿಡಿ. ಒಂದು ಹನಿ ಒಳಗೋಡೆಯಲ್ಲಿ ಗಟ್ಟಿಯಾದರೂ ಗೂಡು ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಈ ಕಪ್ಲರಿನಿಂದ ಎರಡು ಲಾಭ. ಸ್ಕ್ರೂ ಹಿಡಿಯುವ ಗೋಡೆ ಎರಡು ಪದರ ಆಯಿತು. ರೆಕ್ಕೆ ಅಂಟಿಸುವ ಜಾಗವೂ ಗಟ್ಟಿಯಾಯಿತು. ಆದರೆ ಒಂದು ಎಚ್ಚರ: ಗೋಡೆ ತೂರಿ ಮೋಟಾರು ಕೊಳವೆಗೆ ಅಂಟುವ ಥರದ ರೆಕ್ಕೆಗಳು ಇಲ್ಲಿ ನಡೆಯುವುದಿಲ್ಲ, ಗೂಡು ಹೊರಗೆ ಬರಬೇಕಲ್ಲ. ನಾಲ್ಕು ರೆಕ್ಕೆಗಳನ್ನು ಮೈಯ ಹೊರಮೈಗೇ ಅಂಟಿಸಿ, ಬುಡದಲ್ಲಿ ಎರಡೂ ಕಡೆ ಅಂಟಿನ ಏಣು ಕೊಡಿ.

ಗೂಡಿನ ಕೆಲಸ

ಮೊದಲು 24 ಮಿ.ಮೀ. ಗೂಡು. ಬಿಟಿ-50 ಕೊಳವೆಯ ಹಿಂತುದಿಯಿಂದ 64 ಮಿ.ಮೀ. ದೂರದಲ್ಲಿ ಕೊಕ್ಕೆಯ ಮುಂಬಾಗು ತೂರುವಷ್ಟು ಅಡ್ಡ ಸೀಳು ಮಾಡಿ. ಕೊಕ್ಕೆ 70 ಮಿ.ಮೀ. ಆದ್ದರಿಂದ ಅದರ ಹಿಂಬಾಗು ಕೊಳವೆಯಿಂದ 6 ಮಿ.ಮೀ. ಹೊರಗೆ ಬರುತ್ತದೆ, ಮೋಟಾರೂ ಅಷ್ಟೇ ಹೊರಗೆ ಇಣುಕುತ್ತದೆ. ಕೊಕ್ಕೆಯ ಮುಂಬಾಗಿಗೆ ತಾಗಿದಂತೆ ಅದರ ಮುಂದೆ ಕಾಗದದ ಒಳಬಳೆಯನ್ನು ಅಂಟಿಸಿ. ಮೋಟಾರಿನ ನೂಕನ್ನು ಮೊದಲು ಹೊರುವುದು ಇದೇ, ಅಂಟು ಧಾರಾಳವಾಗಿರಲಿ. ಕೊಕ್ಕೆಯ ನಡುಭಾಗದ ಮೇಲೆ ಟೇಪ್ ಒಂದು ಸುತ್ತು ಹಾಕಿ.

ಮುಂದಿನ ಬಳೆಯ ಮುಂಮುಖ ಹಿಂತುದಿಯಿಂದ ಸರಿಯಾಗಿ 70 ಮಿ.ಮೀ. ದೂರದಲ್ಲಿ ಇರಬೇಕು. ಈ ಮುಖವೇ ತಡೆಬಳೆಗೆ ಒತ್ತಿ ಕೂರುವುದು. ಮೋಟಾರು ಕೊಳವೆಯ ಉಳಿದ 20 ಮಿ.ಮೀ. ತಡೆಬಳೆಯ ತೂತಿನೊಳಗೆ ಹಾದು ಮುಂದೆ ಚಾಚಿಕೊಳ್ಳುತ್ತದೆ.

ಹಿಂದಿನ ಬಳೆಯ ಹಿಂಮುಖ ಹಿಂತುದಿಯಿಂದ 15 ಮಿ.ಮೀ. ಒಳಗೆ. ಕೊಕ್ಕೆ ಹಾದುಹೋಗುವ ಕಡೆ ಈ ಬಳೆಯಲ್ಲಿ ಆಳವಾದ ಕಚ್ಚು ಕೊಯ್ಯಿರಿ; ಮೋಟಾರು ಹಾಕುವಾಗ ಕೊಕ್ಕೆ ಹೊರಕ್ಕೆ ಬಾಗಲು ಜಾಗ ಬೇಕು. ಬಳೆಯ ಮುಂಮುಖಕ್ಕೆ ಆನಿಸಿ, ಮೋಟಾರು ಕೊಳವೆಯ ಸುತ್ತ ನಾಲ್ಕು ಕಡೆ 12 ಮಿ.ಮೀ. ಉದ್ದದ ಮರದ ತುಂಡು ಅಂಟಿಸಿ. ಕೊಳವೆಗೂ ಕಪ್ಲರಿಗೂ ನಡುವಿನ ಸಂದು ಸುಮಾರು 7 ಮಿ.ಮೀ., ತುಂಡುಗಳ ದಪ್ಪ ಅದಕ್ಕೆ ಸರಿಹೊಂದಲಿ. ಕೊಕ್ಕೆಯ ಮೇಲೆ ತುಂಡು ಬರದಂತೆ ನೋಡಿಕೊಳ್ಳಿ. ಸ್ಕ್ರೂ ಕಚ್ಚುವುದು ಈ ಮರವನ್ನು. ಪ್ಲೈವುಡ್ಡಿನ ಅಂಚಿಗೆ ನೇರ ಸ್ಕ್ರೂ ಹಾಕಿದರೆ ಪದರ ಬಿಟ್ಟುಕೊಳ್ಳುತ್ತದೆ, ಅದಕ್ಕೇ ಈ ತುಂಡು.

ಎಲ್ಲ ಒಣಗಿದ ಮೇಲೆ ಗೂಡನ್ನು ಮೈಯೊಳಗೆ ತಡೆಬಳೆ ಮುಟ್ಟುವ ತನಕ ತಳ್ಳಿ. ನಾಲ್ಕು ತುಂಡುಗಳು ನಾಲ್ಕು ರೆಕ್ಕೆಗಳ ನಡುವೆ ಬರುವ ಹಾಗೆ ತಿರುಗಿಸಿ, ಗೂಡಿನ ಮೇಲೂ ಮೈಯ ಮೇಲೂ ಒಂದೇ ನೇರದಲ್ಲಿ ಪೆನ್ಸಿಲ್ ಗುರುತು ಹಾಕಿ. ಹಿಂತುದಿಯಿಂದ 24 ಮಿ.ಮೀ. ದೂರದಲ್ಲಿ, ಮೈ ಮತ್ತು ಮರದ ತುಂಡು ಎರಡನ್ನೂ ಒಟ್ಟಿಗೆ ತೂರುವ ಹಾಗೆ ಒಂದೂವರೆ ಮಿ.ಮೀ. ತೂತು ಕೊರೆಯಿರಿ, ಮೋಟಾರು ಕೊಳವೆಗೆ ಮಾತ್ರ ತಾಗಬಾರದು. ಸ್ಕ್ರೂಗಳನ್ನು ಒಮ್ಮೆ ಹಾಕಿ ತೆಗೆಯಿರಿ. ಗೂಡನ್ನು ಹೊರಗೆಳೆದು, ಮೈಯ ತೂತಿನ ಅಂಚಿಗೂ ಮರದ ತೂತಿಗೂ ಒಂದೊಂದು ಹನಿ ಸೂಪರ್ ಗ್ಲೂ ಬಿಡಿ. ಪೂರ್ತಿ ಒಣಗಿದ ಮೇಲೆ ಮತ್ತೆ ಕೂಡಿಸಿ. ಕಾಗದವೂ ಮರವೂ ಅಂಟು ಕುಡಿದು ಗಟ್ಟಿಯಾಗುತ್ತವೆ, ತೂತು ಅಗಲವಾಗುವುದಿಲ್ಲ.

ಕೊನೆಗೆ, ಮುಂದಿನ ಬಳೆಯ ಅಂಚಿಗೆ ಮಾಸ್ಕಿಂಗ್ ಟೇಪಿನ ಒಂದು ಸುತ್ತು. ಇದು ಹಿಡಿತಕ್ಕಲ್ಲ, ಅನಿಲ ಸೋರದಿರಲಿ ಅಂತ. ಗೂಡಿನ ಸುತ್ತ ಅನಿಲ ಹಿಂದಕ್ಕೆ ಸೋರಿದರೆ ಪ್ಯಾರಾಚೂಟ್ ತಳ್ಳಲು ಒತ್ತಡ ಸಾಲದು. ಬೆರಳಿನಲ್ಲಿ ತಳ್ಳಿದರೆ ಜಾರಬೇಕು, ಆದರೆ ಗಡಗಡ ಅನ್ನಬಾರದು. ಟೇಪ್ ಮಸಿ ಹಿಡಿದಾಗ ಬದಲಿಸಿ.

18 ಮಿ.ಮೀ. ಗೂಡಿಗೂ ಅಳತೆಗಳೆಲ್ಲ ಇವೇ. ಬದಲಾಗುವುದು ಎರಡು: ಬಳೆಯ ಒಳತೂತು, ಮತ್ತು ಮರದ ತುಂಡಿನ ದಪ್ಪ; ಇಲ್ಲಿ ಸಂದು ಸುಮಾರು 10 ಮಿ.ಮೀ. ಇದರ ಸ್ಕ್ರೂ ತೂತುಗಳನ್ನು ಮೈಯಲ್ಲಿ ಈಗಾಗಲೇ ಇರುವ ತೂತುಗಳ ಮೂಲಕವೇ ಕೊರೆಯಿರಿ. ಈ ಗೂಡಿಗೂ ತನ್ನದೇ ಗುರುತು ಹಾಕಿ.

ಹಾರಿಸುವ ಮೊದಲು ಎಳೆದು ನೋಡಿ

ವಿದೇಶದಲ್ಲಿ ಓದುವ ನಮ್ಮೆಲ್ಲರ ಹತ್ತಿರ ಒಂದು ಸಾಧನ ಇದ್ದೇ ಇರುತ್ತದೆ: ಊರಿಗೆ ಹೋಗುವಾಗ ಸೂಟ್‌ಕೇಸ್ 23 ಕಿಲೋ ದಾಟಿತಾ ಅಂತ ನೋಡುವ ಲಗೇಜ್ ಸ್ಕೇಲ್. ಗೂಡಿನ ಪರೀಕ್ಷೆಗೆ ಅದಕ್ಕಿಂತ ಒಳ್ಳೆಯದು ಬೇಡ.

ಗಟ್ಟಿ ದಾರದ ನಡುವೆ 25 ಮಿ.ಮೀ. ಉದ್ದದ ಪೆನ್ಸಿಲ್ ತುಂಡು ಕಟ್ಟಿ. ಪೆನ್ಸಿಲ್ಲು ಮೋಟಾರು ಕೊಳವೆಯ ಮುಂಬಾಯಿಗೆ ಅಡ್ಡಲಾಗಿ ನಿಂತು, ದಾರ ಕೊಳವೆಯೊಳಗಿಂದ ಹಿಂದಕ್ಕೆ ಬರಲಿ. ಗೂಡನ್ನು ಮೈಯಲ್ಲಿ ಕೂರಿಸಿ ನಾಲ್ಕೂ ಸ್ಕ್ರೂ ಹಾಕಿ. ಒಬ್ಬರು ಮೈಯನ್ನು ರೆಕ್ಕೆಗಿಂತ ಮೇಲೆ ಹಿಡಿದುಕೊಳ್ಳಿ, ಇನ್ನೊಬ್ಬರು ದಾರಕ್ಕೆ ಸ್ಕೇಲ್ ಸಿಕ್ಕಿಸಿ ನಿಧಾನಕ್ಕೆ ಎಳೆಯಿರಿ. 10 ಕಿಲೋ ತೋರಿಸುವ ತನಕ ಗೂಡು ಅಲುಗಬಾರದು. ನಮ್ಮ ಲೆಕ್ಕದ ಆರೂವರೆ ಕಿಲೋಗೆ ಇದು ಒಂದೂವರೆ ಪಟ್ಟು. ಬಿಚ್ಚಿ ನೋಡಿದಾಗ ಮೈಯ ತೂತು ಉದ್ದುದ್ದ ಆಗಿದ್ದರೆ ಆ ಗೂಡು ಹಾರಿಸಲು ಸಿದ್ಧವಿಲ್ಲ ಅಂತ ಅರ್ಥ. ಆ ಜಾಗಕ್ಕೆ ಹೊರಗಿನಿಂದ ತೆಳು ಪ್ಲೈವುಡ್ ಚೂರು ಅಂಟಿಸಿ, ಹೊಸ ತೂತು ಕೊರೆದು, ಮತ್ತೆ ಎಳೆಯಿರಿ.

ಕೊಕ್ಕೆಗೆ ಬೇರೆ ಪರೀಕ್ಷೆ. ಅಡುಗೆಮನೆಯ ತಕ್ಕಡಿಯ ಮೇಲೆ ಉದ್ದ ಮರದ ಕೋಲನ್ನು ನೆಟ್ಟಗೆ ನಿಲ್ಲಿಸಿ. ಸುಟ್ಟ ಖಾಲಿ ಮೋಟಾರನ್ನು ಗೂಡಿನಲ್ಲಿ ಹಾಕಿ, ನೋಸ್ ಕೋನ್ ತೆಗೆದು, ಮೈಯನ್ನು ತಲೆಕೆಳಗಾಗಿ ಕೋಲಿನ ಮೇಲೆ ಇಳಿಸಿ. ಕೋಲಿನ ತುದಿ ಖಾಲಿ ಮೋಟಾರಿನ ಮುಂತುದಿಗೆ ತಾಗಿದ ಮೇಲೆ ಮೈಯನ್ನು ಕೆಳಕ್ಕೆ ಒತ್ತಿ. ಈಗ ತಕ್ಕಡಿ ತೋರಿಸುತ್ತಿರುವುದು ಮೋಟಾರನ್ನು ಹಿಂದಕ್ಕೆ ತಳ್ಳುತ್ತಿರುವ ಬಲ. ಅರ್ಧ ವಾತಾವರಣದ ಲೆಕ್ಕದಲ್ಲಿ 24 ಮಿ.ಮೀ. ಮೋಟಾರಿನ ಮೇಲೆ ಬೀಳುವುದು ಎರಡೂಕಾಲು ಕಿಲೋ. 4 ಕಿಲೋ ತನಕ ಕೊಕ್ಕೆ ಬಿಟ್ಟುಕೊಡದಿದ್ದರೆ ಸರಿ.

ಇನ್ನು ವಿಸಲ್ಲು, ಅಂದ್ರೆ ನೋಸ್ ಕೋನ್. ರಾಕೆಟ್ಟನ್ನು ನೋಸ್ ಕೋನ್ ಹಿಡಿದು ಎತ್ತಿದರೆ ಮೈ ಜೊತೆಗೆ ಬರಬೇಕು, ಸ್ವಲ್ಪ ಕುಲುಕಿದರೆ ಕಳಚಬೇಕು. ಬಿಗಿಯಾಗಿದ್ದರೆ ಉಜ್ಜಿ ಸಡಿಲ ಮಾಡಿ. ಗೂಡು ಎಷ್ಟೇ ಭದ್ರವಾಗಿದ್ದರೂ ಮೂತಿ ಸಿಕ್ಕಿಕೊಂಡರೆ ಲಾಭವಿಲ್ಲ.

ತೂಕ ಮತ್ತು ಸಮತೋಲ

ಬಿಚ್ಚುವ ಗೂಡು ಪುಕ್ಕಟೆ ಬರುವುದಿಲ್ಲ. ಕಪ್ಲರ್, ಪ್ಲೈವುಡ್, ಮರದ ತುಂಡು ಎಲ್ಲ ಬಾಲದ ಕಡೆ ಸೇರುತ್ತವೆ. ರಾಕೆಟ್ಟು ನೇರ ಹಾರಬೇಕಾದರೆ ಅದರ ಗುರುತ್ವ ಕೇಂದ್ರ, ಗಾಳಿಯ ಒತ್ತಡ ಕೇಂದ್ರಕ್ಕಿಂತ ಕನಿಷ್ಠ ಒಂದು ಮೈವ್ಯಾಸದಷ್ಟು, ಅಂದ್ರೆ ಇಲ್ಲಿ 42 ಮಿ.ಮೀ. ಮುಂದೆ ಇರಬೇಕು ಅನ್ನುವುದು ರೂಢಿಯ ನಿಯಮ. ಒತ್ತಡ ಕೇಂದ್ರವನ್ನು ಲೆಕ್ಕ ಹಾಕುವ ಸೂತ್ರಗಳನ್ನು ಜೇಮ್ಸ್ ಬ್ಯಾರೋಮನ್ 1966ರಲ್ಲಿ ಹವ್ಯಾಸಿಗಳಿಗೆ ಕೊಟ್ಟರು. ಈಗ ಕೈಲೆಕ್ಕ ಬೇಕಿಲ್ಲ. ಫಿನ್ಲೆಂಡಿನ ಸಾಂಪೊ ನಿಸ್ಕನೆನ್ ಅನ್ನುವ ವಿದ್ಯಾರ್ಥಿ 2009ರಲ್ಲಿ ಸ್ನಾತಕೋತ್ತರ ಪ್ರಬಂಧಕ್ಕಾಗಿ ಬರೆದ 'ಓಪನ್ ರಾಕೆಟ್' ಎಂಬ ಉಚಿತ ಸಾಫ್ಟ್‌ವೇರ್ ಇದನ್ನೆಲ್ಲ ಮಾಡಿಕೊಡುತ್ತದೆ.

ಎರಡು ಗೂಡು ಅಂದ್ರೆ ಎರಡು ರಾಕೆಟ್ಟಿನ ಹಾಗೆ ಲೆಕ್ಕ ಮಾಡಿ. ಡಿ12 ಮೋಟಾರಿನ ತೂಕ ಸುಮಾರು 43 ಗ್ರಾಂ, ಸಿ6ರದ್ದು ಸುಮಾರು 24. ಬಾಲ ಹೆಚ್ಚು ಭಾರವಾಗುವುದು ಡಿ12 ಹಾಕಿದಾಗ, ಸಮತೋಲ ನೋಡಬೇಕಾದದ್ದು ಆಗ. ಸಾಲದಿದ್ದರೆ ನೋಸ್ ಕೋನಿನೊಳಗೆ ಸ್ವಲ್ಪ ಜೇಡಿಮಣ್ಣು ಮೆತ್ತಬೇಕು. ಸಿ6 ಹಾಕಿದಾಗ ಚಿಂತೆ ಬೇರೆ: ನೂಕು ಸಾಕಾಗುತ್ತಾ ಅನ್ನೋದು. ನೂಕುಬಲ ಒಟ್ಟು ತೂಕದ ಐದು ಪಟ್ಟು ಇರಲಿ ಅನ್ನುತ್ತಾರೆ. ಸರಾಸರಿ 6 ನ್ಯೂಟನ್ನಿಗೆ ಅದು ಸುಮಾರು 120 ಗ್ರಾಂ, ಮೋಟಾರೂ ಸೇರಿ. ಅಂದ್ರೆ ಗೂಡು ಸಮೇತ ಖಾಲಿ ರಾಕೆಟ್ಟು 95 ಗ್ರಾಂ ಒಳಗೆ ಇರಬೇಕು. ಮೂತಿಗೆ ಮೆತ್ತಿದ ಮಣ್ಣೂ ಇದರಲ್ಲೇ ಸೇರುತ್ತದೆ. ಆದ್ದರಿಂದ ರೆಕ್ಕೆಗೆ ಹಗುರವಾದ ಬಾಲ್ಸಾ ಮರ, ಅಂಟು ಎಲ್ಲೆಡೆ ಹಿತಮಿತ. ಪ್ಯಾಕೆಟ್ ಮೇಲೆ ಬರೆದಿರುವ ಗರಿಷ್ಠ ತೂಕವನ್ನೂ ನೋಡಿ, ಅದನ್ನು ಮೀರಬೇಡಿ. ಕೊನೆಯ ಅಂಕಿಯನ್ನೂ ಸಾಫ್ಟ್‌ವೇರ್ ನೋಡಿಯೇ ಆರಿಸಿ. ರಾಕೆಟ್ಟು ತುದಿ ತಲುಪಿ ನಿಧಾನವಾದ ಹೊತ್ತಿಗೆ ಪ್ಯಾರಾಚೂಟ್ ಬಿಚ್ಚಬೇಕು.

ಮೈದಾನಕ್ಕೆ ಹೋಗುವ ಮುನ್ನ

ಅಮೆರಿಕದ ವಿಮಾನಯಾನ ಇಲಾಖೆಯ ನಿಯಮದ ಪ್ರಕಾರ ಮೊದಲ ವರ್ಗದ ಮಾದರಿ ರಾಕೆಟ್ಟು ಕಾಗದ, ಮರ ಅಥವಾ ಮುರಿಯುವ ಪ್ಲಾಸ್ಟಿಕ್‌ನಿಂದ ಆಗಿರಬೇಕು. ಗಣನೀಯ ಲೋಹದ ಭಾಗ ಇರಬಾರದು. ತೂಕ 1,500 ಗ್ರಾಂ, ಇಂಧನ 125 ಗ್ರಾಂ ಮೀರಬಾರದು. ಕೊಕ್ಕೆ, ನಾಲ್ಕು ಸಣ್ಣ ಸ್ಕ್ರೂ ಇದಕ್ಕೆ ಅಡ್ಡಿಯಲ್ಲ. 'ಇನ್ನೂ ಗಟ್ಟಿ ಮಾಡೋಣ' ಅಂತ ಅಲ್ಯೂಮಿನಿಯಂ ಕೊಳವೆಯಲ್ಲಿ ಗೂಡು ಕಟ್ಟಲು ಹೋಗಬೇಡಿ. ಕೆಟ್ಟ ದಿನ ಕೆಳಗೆ ಬೀಳುವುದು ಕಾಗದವಾಗಿರಲಿ.

ಹಚ್ಚುವುದು ಬ್ಯಾಟರಿಯ ತಂತಿಯಿಂದ ಮಾತ್ರ, ಬೆಂಕಿಕಡ್ಡಿಯಿಂದಲ್ಲ. ಡಿ ವರ್ಗದವರೆಗೆ ಕನಿಷ್ಠ 15 ಅಡಿ ದೂರ ನಿಲ್ಲಬೇಕು. ಹೊತ್ತಿಕೊಳ್ಳದಿದ್ದರೆ ಕೀಲಿ ತೆಗೆದು 60 ಸೆಕೆಂಡ್ ಕಾದು ಆಮೇಲೆ ಹತ್ತಿರ ಹೋಗಬೇಕು. ಪ್ಯಾರಾಚೂಟಿಗೂ ಮೋಟಾರಿಗೂ ನಡುವೆ ಬೆಂಕಿ ಹತ್ತದ ವ್ಯಾಡಿಂಗ್ ಕಾಗದ ಮರೆಯಬೇಡಿ. ಮೋಟಾರುಗಳನ್ನು ಡಾರ್ಮಿನಲ್ಲಿ ಇಟ್ಟುಕೊಳ್ಳಬಹುದೇ ಅಂತ ಮೊದಲೇ ಕೇಳಿಕೊಳ್ಳಿ. ರಜೆಗೆ ಊರಿಗೆ ಹೋಗುವಾಗ ತಮ್ಮ-ತಂಗಿಗೆ ತೋರಿಸಲು ರಾಕೆಟ್ಟು, ಎರಡೂ ಗೂಡು ಒಯ್ಯಿರಿ. ಮೋಟಾರು ಮಾತ್ರ ವಿಮಾನದಲ್ಲಿ ಕೈಚೀಲಕ್ಕೂ ಇಲ್ಲ, ಸೂಟ್‌ಕೇಸಿಗೂ ಇಲ್ಲ.

ಪ್ರತಿ ಹಾರಾಟಕ್ಕೂ ಮುಂಚೆ ನಾವು ಮೂರು ಕೆಲಸ ಮಾಡ್ತೀವಿ, ಇಬ್ಬರು ಸೇರಿ, ಒಬ್ಬರು ಹೇಳಿ ಇನ್ನೊಬ್ಬರು ಮುಟ್ಟಿ ನೋಡಿ: ಗುರುತುಗಳು ಒಂದೇ ನೇರದಲ್ಲಿವೆಯಾ, ನಾಲ್ಕು ಸ್ಕ್ರೂ ಇವೆಯಾ, ಕೊಕ್ಕೆ ಮೋಟಾರಿನ ಹಿಂದೆ ಕೂತಿದೆಯಾ. ಮೂರಕ್ಕೂ ಹೌದು ಅಂದ ಮೇಲೆಯೇ ತಂತಿ ಜೋಡಿಸೋದು. ಸ್ಕ್ರೂ ಮೂರೇ ಇದ್ದರೆ ಆ ದಿನ ಆ ರಾಕೆಟ್ಟು ಹಾರುವುದಿಲ್ಲ, ಎಷ್ಟೇ ಜನ ಕಾಯ್ತಿದ್ದರೂ. ಅದಕ್ಕೇ ಎಂಟು ತಗೊಳ್ಳಿ ಅಂದಿದ್ದು.